ಸಾವಿನ ಮಾತು ಬೇಡವೆನ್ನುವ ಮನೆಯಲ್ಲಿ ಬೀದಿಗೆ ಬೀಳುವವರು ಯಾರು?

ಮಹಾರಾಷ್ಟ್ರದ ಗಡಿಭಾಗದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಒಂದು ಮಾತು ಮನೆಮನೆಯಲ್ಲೂ ಕೇಳುತ್ತದೆ. ಯಜಮಾನನಿಗೆ ಬಾಯಿಯ ಕ್ಯಾನ್ಸರು ಕೈಮೀರಿದೆ. ಸೋಲಾಪುರದಿಂದಲೋ ಹೈದರಾಬಾದಿನಿಂದಲೋ ‘ಇನ್ನು ಮನೆಯಲ್ಲೇ ನೋಡಿಕೊಳ್ಳಿ’ ಎಂದು ಕಳಿಸಿಕೊಟ್ಟಿದ್ದಾರೆ. ಹೊಲದ ಹಕ್ಕಿನ ದಾಖಲೆಯಾದ ಸಾತ್‌ಬಾರಾ ಉತಾರ ಅವನೊಬ್ಬನ ಹೆಸರಿನಲ್ಲಿದೆ, ಬ್ಯಾಂಕಿನ ಖಾತೆಯೂ ಅವನೊಬ್ಬನದೇ. ಯಾರೋ ಒಬ್ಬರು ಧೈರ್ಯ ಮಾಡಿ ಕಾಗದಪತ್ರದ ಮಾತು ತೆಗೆಯುತ್ತಾರೆ. ಕೂಡಲೇ ಹಿರಿಯರು ಬಾಯಿ ಮುಚ್ಚಿಸುತ್ತಾರೆ: ‘ಮನಷಾ ಬದಕಿರೂವಾಗೇ ತಿಥಿ ಮಾಡ್ತೀರೇನು? ಅಪಶಕುನ ನುಡೀಬ್ಯಾಡ್ರಿ.’ ಕೂತವರೆಲ್ಲ ತಲೆಯಾಡಿಸುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಈ ತಲೆಯಾಡಿಸುವಿಕೆಯ ವಿರುದ್ಧ ನಾನು ಬರೆಯುತ್ತಿದ್ದೇನೆ. ಸಾಯುತ್ತಿರುವವರ ಮುಂದೆ ಆಸ್ತಿ, ಸಾಲ, ಮಕ್ಕಳ ಪಾಲನೆ, ಕೊನೆಯ ಚಿಕಿತ್ಸೆಯ ಮಾತೆತ್ತಬಾರದು ಎಂಬ ನಂಬಿಕೆಯನ್ನು ನಾವು ಸಂಸ್ಕೃತಿ ಎನ್ನುತ್ತೇವೆ, ಮಮತೆ ಎನ್ನುತ್ತೇವೆ. ಅದು ಎರಡೂ ಅಲ್ಲ. ಹೆಂಗಸರನ್ನೂ ಚಿಕ್ಕ ಮಕ್ಕಳನ್ನೂ ನಿರ್ಗತಿಕರನ್ನಾಗಿಸುವ ಒಂದು ಪದ್ಧತಿ ಅದು. ಮನೆಯ ಹಿರಿಯರು, ಊರಿನ ಪುಢಾರಿಗಳು, ಡಾಕ್ಟರು, ವಕೀಲರು, ಮಠದವರು ಎಲ್ಲರೂ ಸೇರಿ ಅದನ್ನು ಬದುಕಿಸಿಟ್ಟಿದ್ದೇವೆ.

ಈ ನೆಲಕ್ಕೆ ಮುನ್ಸೂಚನೆಯಿಲ್ಲದ ಸಾವು ಹೇಗಿರುತ್ತದೆಂದು ಗೊತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಔಸಾ, ಉಮರ್ಗಾ ತಾಲೂಕುಗಳ ಹಳ್ಳಿಗಳನ್ನು ನೆಲಸಮ ಮಾಡಿತು. ಮಲಗಿದ್ದ ಸಾವಿರಾರು ಜನ ಮಣ್ಣುಗೋಡೆಗಳ ಅಡಿ ಸತ್ತರು. ಒಬ್ಬರಿಗೂ ಒಂದು ಮಾತು ಹೇಳಿಹೋಗುವಷ್ಟು ಸಮಯ ಸಿಗಲಿಲ್ಲ. ಕ್ಯಾನ್ಸರು ಹಾಗಲ್ಲ. ಮೂತ್ರಪಿಂಡ ಸೋತವನಿಗೆ, ಯಕೃತ್ತು ಕೆಟ್ಟವನಿಗೆ, ಪುಪ್ಪುಸದ ಕಾಯಿಲೆಯವನಿಗೆ ರೋಗ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅವಕಾಶ ಕೊಡುತ್ತದೆ. ಕಿಲ್ಲಾರಿಯಲ್ಲಿ ಸತ್ತವರಿಗೆ ಸಿಗದ ಆ ಅವಕಾಶವನ್ನು ಕೈಯಾರೆ ಚೆಲ್ಲುವ ಹಕ್ಕು ನಮಗೆ ಯಾರು ಕೊಟ್ಟರು?

ಮೊದಲ ಆರೋಪ ರೋಗಿಗೆ ಸತ್ಯ ಮುಚ್ಚಿಡುವವರ ಮೇಲೆ. ‘ಹೊಟ್ಟ್ಯಾಗ ಸಣ್ಣ ಗಡ್ಡಿ ಆಗ್ಯದ, ಔಷಧಕ್ಕ ಕರಗ್ತದ’ ಎಂದು ಅವನಿಗೆ ಹೇಳುತ್ತಾರೆ. ರಿಪೋರ್ಟು ಭಾವಮೈದುನನ ಚೀಲದಲ್ಲಿರುತ್ತದೆ. ಡಾಕ್ಟರು ಹೊರಗಿನ ಪಡಸಾಲೆಯಲ್ಲಿ ಗಂಡಸರನ್ನಷ್ಟೇ ಕರೆದು ಮೆಲುದನಿಯಲ್ಲಿ ಮಾತಾಡುತ್ತಾರೆ. ಹೆಂಡತಿಗೂ ಪೂರ್ತಿ ತಿಳಿಸುವುದಿಲ್ಲ. ಆದರೆ ಹೊಲದ ಒಡೆಯ ಹಾಸಿಗೆಯಲ್ಲಿರುವವನು. ಸಹಿ ಅವನೇ ಹಾಕಬೇಕು, ಇಚ್ಛೆ ಅವನದೇ ಆಗಬೇಕು. ಸಾವು ಹತ್ತಿರವಿದೆ ಎಂಬುದನ್ನೇ ಅವನಿಂದ ಬಚ್ಚಿಟ್ಟರೆ ತನ್ನ ಮನೆಮಂದಿಗಾಗಿ ಅವನು ಮಾಡಬಹುದಾದ ಕೊನೆಯ ಕೆಲಸವನ್ನೂ ಕಸಿದುಕೊಂಡಂತಾಯಿತು. ನೋವಾಗಬಾರದೆಂದು ಮುಚ್ಚಿಟ್ಟೆವು ಎನ್ನುವವರು ಒಂದು ಪ್ರಶ್ನೆಗೆ ಉತ್ತರಿಸಲಿ: ‘ನಾನು ಹೋದ ಮೇಲೆ ಇವರ ಗತಿಯೇನು’ ಎಂದು ರಾತ್ರಿಯೆಲ್ಲ ಕಣ್ಣು ಬಿಟ್ಟು ಮಲಗಿರುವವನಿಗೆ ಯಾವ ನೋವು ದೊಡ್ಡದು?

ಶರಣರ ಕಲ್ಯಾಣ ಉಮರ್ಗಾದಿಂದ ದೂರವೇನಿಲ್ಲ. ಸಾವನ್ನು ಹಬ್ಬದಂತೆ ಎದುರುಗೊಳ್ಳಬೇಕೆಂದು ಕಲಿಸಿದ ಪರಂಪರೆಯ ಮಕ್ಕಳು ನಾವು ಎಂದು ವೇದಿಕೆಗಳಲ್ಲಿ ಹೇಳಿಕೊಳ್ಳುತ್ತೇವೆ. ಅದೇ ನಾವು ಮನೆಯೊಳಗೆ ಸಾವಿನ ಹೆಸರೆತ್ತಲು ಅಂಜುತ್ತೇವೆ. ಈ ಅಂಜಿಕೆಗೆ ಶರಣರ ಆಸರೆಯಿಲ್ಲ.

ಎರಡನೆಯ ಆರೋಪ ಇನ್ನೂ ಅಪಾಯದ ಒಂದು ಸಮಾಧಾನದ ಮೇಲೆ: ‘ಕಾಯ್ದಾ ಅದ, ಎಲ್ಲರಿಗೂ ಬರೋದು ಬರ್ತದ.’ ಬರುತ್ತದೆ, ನಿಜ. ಹೇಗೆ ಬರುತ್ತದೆ ನೋಡೋಣ. ಮೂರು ಎಕರೆ ಸ್ವಂತ ಸಂಪಾದನೆಯ ಹೊಲವಿರುವ ಒಬ್ಬ ಹಿಂದೂ ರೈತ ಮೃತ್ಯುಪತ್ರ ಬರೆಯದೆ ತೀರಿಕೊಂಡ ಎಂದುಕೊಳ್ಳಿ. ಮನೆಯಲ್ಲಿ ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಮತ್ತು ಅವನ ಅವ್ವ ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಐವರೂ ಮೊದಲ ವರ್ಗದ ವಾರಸದಾರರು, ತಲೆಗೆ 24 ಗುಂಟೆ. ಮುಂದೆ ಮುದುಕಿಯೂ ತೀರಿಕೊಂಡಳು ಎನ್ನಿ. ಅವಳ 24 ಗುಂಟೆ ಅವಳ ಮಕ್ಕಳಿಗೆ, ಎಂದರೆ ಸತ್ತವನ ಅಣ್ಣ, ತಮ್ಮ, ಅಕ್ಕ, ತಂಗಿಯರಿಗೆ ಹೋಗುತ್ತದೆ. ಸತ್ತ ಮಗನ ಪಾಲು ಅವನ ಮಕ್ಕಳಿಗೆ ಬರುತ್ತದೆ. ಅತ್ತೆಯ ಆ ಪಾಲಿನಲ್ಲಿ ವಿಧವೆ ಸೊಸೆಗೆ ಒಂದು ಗೇಣೂ ಇಲ್ಲ. ಗಂಡನ ಜೊತೆ ಇಪ್ಪತ್ತು ವರ್ಷ ಕಳೆ ಕಿತ್ತ ಹೊಲದಲ್ಲಿ ಮೈದುನಂದಿರು ಕಾಯ್ದೆಬದ್ಧವಾಗಿ ಕಾಲಿಡುತ್ತಾರೆ. ಆ ಗಂಡ ಬದುಕಿದ್ದಾಗ ಒಂದು ಹಾಳೆಯಲ್ಲಿ ‘ಅವ್ವನ ಹೊಟ್ಟೆಬಟ್ಟೆಗೆ ಇಂತಿಷ್ಟು, ಹೊಲ ಹೆಂಡತಿಗೆ ಮತ್ತು ಮಕ್ಕಳಿಗೆ’ ಎಂದು ಬರೆದು ಸಹಿ ಮಾಡಿದ್ದರೆ ಇದು ತಪ್ಪುತ್ತಿತ್ತು.

ಮಕ್ಕಳು ಚಿಕ್ಕವರಾದರೆ ಇನ್ನೊಂದು ಗಂಟು. ಅಪ್ರಾಪ್ತ ಮಕ್ಕಳ ಪಾಲಿಗೆ ಬಂದ ಸ್ಥಿರಾಸ್ತಿಯನ್ನು ಹೆತ್ತ ತಾಯಿಯೂ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ. ಮಕ್ಕಳ ಹಿತಕ್ಕಾಗಿಯೇ ಇರುವ ಒಳ್ಳೆಯ ನಿಯಮ ಅದು. ಆದರೆ ಚಿಕಿತ್ಸೆಗೆ ಮಾಡಿದ ಸಾಲ ಬಾಗಿಲಲ್ಲಿ ನಿಂತಿರುವಾಗ, ಅನುಮತಿಗಾಗಿ ಕೋರ್ಟಿನ ತಾರೀಖು ತಾರೀಖಿಗೆ ಅಲೆಯುವವಳು ಅವಳೇ. ಯಾವ ತುಂಡು ಯಾರಿಗೆ, ಯಾವುದನ್ನು ಮಾರಿ ಯಾವ ಸಾಲ ತೀರಿಸಬೇಕು ಎಂಬುದನ್ನು ಮೊದಲೇ ಬರೆದಿಟ್ಟಿದ್ದರೆ ಈ ಅಲೆದಾಟದ ಬಹುಪಾಲು ಬೇಡವಾಗುತ್ತಿತ್ತು.

ಮುಸ್ಲಿಂ ಮನೆಗಳಲ್ಲಿ, ಉದಗೀರದಂಥ ಊರಿನಲ್ಲಿ ಅವರ ಸಂಖ್ಯೆ ಸಣ್ಣದಲ್ಲ, ಸಮಯದ ಬೆಲೆ ಇನ್ನೂ ಹೆಚ್ಚು. ಅಲ್ಲಿ ವಸೀಯತ್ತು, ಎಂದರೆ ಮೃತ್ಯುಪತ್ರ, ಆಸ್ತಿಯ ಮೂರನೆಯ ಒಂದು ಪಾಲು ಮೀರುವಂತಿಲ್ಲ. ಉಳಿದ ವಾರಸದಾರರು ಒಪ್ಪದಿದ್ದರೆ ಒಬ್ಬ ವಾರಸದಾರನಿಗೆ ಅದೂ ಸಲ್ಲುವುದಿಲ್ಲ. ಮಕ್ಕಳಿದ್ದರೆ ವಿಧವೆಯ ಪಾಲು ಎಂಟರಲ್ಲಿ ಒಂದು. ಹೆಂಡತಿಗೆ ಮನೆ ಕೊಡಬೇಕೆನ್ನುವವನು ಹಿಬಾ, ಎಂದರೆ ದಾನ, ಮಾಡಬಹುದು, ಆದರೆ ಸಾವಿನ ಭಯ ಹತ್ತಿದ ಕೊನೆಯ ಕಾಯಿಲೆಯಲ್ಲಿ, ‘ಮರ್ಜ್-ಉಲ್-ಮೌತ್’ನಲ್ಲಿ, ಮಾಡಿದ ಹಿಬಾಕ್ಕೂ ವಸೀಯತ್ತಿನ ಮಿತಿಗಳೇ ಅನ್ವಯಿಸುತ್ತವೆ. ಎಂದರೆ ರೋಗ ಕೈಮೀರುವ ಮುಂಚೆಯೇ ಮಾತಾಡಬೇಕು. ‘ನೋಡೋಣ’ ಎಂದು ಮುಂದೂಡಿದ ಪ್ರತಿ ತಿಂಗಳೂ ಆ ಹೆಂಡತಿಯ ಸೂರಿನ ಮೇಲೆ ಬೀಳುತ್ತದೆ.

ಮೂರನೆಯ ಆರೋಪ ಈ ಮಾತಿನ ಮೇಲೆ: ‘ನಾವೇನು ಟಾಟಾ-ಬಿರ್ಲಾನ್ರೀ? ಬಡವರಿಗೆ ಮೃತ್ಯುಪತ್ರ ಯಾತಕ್ಕ?’ ಶ್ರೀಮಂತರ ಮನೆಯಲ್ಲಿ ವಿವಾದ ಹುಟ್ಟಿದರೆ ಹತ್ತು ವರ್ಷ ಕೋರ್ಟಿನಲ್ಲಿ ಕಾದಾಡುವ ತಾಕತ್ತಿರುತ್ತದೆ. ಎರಡು ಎಕರೆಯ ವಿಧವೆಗೆ ಒಂದು ಹಂಗಾಮು ಬಿತ್ತನೆ ತಪ್ಪಿದರೂ ಸಾಕು, ಸಂಸಾರ ಮುಗಿಯುತ್ತದೆ. ಕಾಗದ ಯಾರಿಗೆ ಹೆಚ್ಚು ಬೇಕು?

ಖರ್ಚಿನ ಹೆದರಿಕೆಯೂ ಹುಸಿ. ಮೃತ್ಯುಪತ್ರಕ್ಕೆ ಮುದ್ರಾಂಕ ಬೇಕಿಲ್ಲ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಇಷ್ಟೇ: ಬರೆಸಿದವನ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ನೋಡಿ ಅವನೆದುರೇ ಸಹಿ ಮಾಡಿದ ಇಬ್ಬರು ಸಾಕ್ಷಿಗಳು. ಆಸ್ತಿ ಪಡೆಯುವವರು ಸಾಕ್ಷಿಯಾಗದಿದ್ದರೆ ಕ್ಷೇಮ. ಕಾನೂನಿನ ಭಾಷೆಯೇ ಬೇಕೆಂದಿಲ್ಲ, ಇಚ್ಛೆ ಸ್ಪಷ್ಟವಾಗಿ ತಿಳಿದರೆ ಸಾಕು ಎಂದು ಅದೇ ಕಾಯ್ದೆ ಹೇಳುತ್ತದೆ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ನೋಂದಣಿ ಮಾಡಿಸಿದರೆ ಬಲ ಹೆಚ್ಚು, ಅದರ ಶುಲ್ಕವೂ ನೂರರ ಲೆಕ್ಕದಲ್ಲಿದೆ. ಹಾಸಿಗೆ ಬಿಟ್ಟೇಳಲಾಗದವರ ಮನೆಗೆ ನೋಂದಣಾಧಿಕಾರಿಯೇ ಬರಬಹುದೆಂದು 1908ರ ನೋಂದಣಿ ಕಾಯ್ದೆಯಲ್ಲಿ ಬರೆದಿದೆ. ಇದನ್ನು ಉಪನೋಂದಣಿ ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕುವುದಕ್ಕೆ ಏನು ಅಡ್ಡಿ?

‘ಬರೆದುಕೊಟ್ಟ ಮೇಲೆ ಮಕ್ಕಳು ನೋಡಿಕೊಳ್ಳುವುದಿಲ್ಲ’ ಎಂಬ ಭಯವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಬಕ್ಷೀಸಪತ್ರ, ಎಂದರೆ ದಾನಪತ್ರ, ಮಾಡಿಸಿಕೊಂಡು ಮುದುಕರನ್ನು ಹೊರಗಟ್ಟಿದ ಮನೆಗಳಿವೆ. ಆದರೆ ಈ ಭಯ ಮೃತ್ಯುಪತ್ರದ ಪರವಾಗಿಯೇ ವಾದಿಸುತ್ತದೆ. ಬಕ್ಷೀಸು ಕೈಬಿಟ್ಟರೆ ಹೋಯಿತು. ಮೃತ್ಯುಪತ್ರ ಬರೆದವನು ಬದುಕಿರುವವರೆಗೆ ಒಡೆಯ ಅವನೇ. ಬೇಕಾದಾಗ ಹರಿದುಹಾಕಬಹುದು, ಬೇರೆ ಬರೆಯಬಹುದು. ಹಿರಿಯ ನಾಗರಿಕನೊಬ್ಬ ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಶರತ್ತಿನ ಮೇಲೆ ಕೊಟ್ಟ ಬಕ್ಷೀಸನ್ನೂ, ನೋಡಿಕೊಳ್ಳದಿದ್ದರೆ ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದಾರಿಯಿದೆ. ಈ ವ್ಯತ್ಯಾಸವನ್ನು ಜನರಿಗೆ ಯಾರೂ ಹೇಳಲಿಲ್ಲ. ಆದ್ದರಿಂದಲೇ ಅವರು ಎರಡಕ್ಕೂ ಹೆದರುತ್ತಾರೆ.

ನಾಲ್ಕನೆಯ ಆರೋಪ ಅರೆಬರೆ ಜಾಣರ ಮೇಲೆ. ‘ಕುಲಮುಖತ್ಯಾರಪತ್ರ ಮಾಡಿಸಿಟ್ಟೀವಿ, ಚಿಂತಿಲ್ಲ’ ಎನ್ನುತ್ತಾರೆ. ಮುಖತ್ಯಾರಪತ್ರ ಕೊಟ್ಟವನು ಸತ್ತ ಕ್ಷಣ ಅದೂ ಸಾಯುತ್ತದೆ. ಅವನ ಬುದ್ಧಿ ಸ್ಥಿಮಿತ ತಪ್ಪಿದರೂ ಅಷ್ಟೇ. ಭಾರತೀಯ ಕರಾರು ಕಾಯ್ದೆಯ 201ನೆಯ ಕಲಮು ಹಾಗೆನ್ನುತ್ತದೆ. ಎಂದರೆ ಅತ್ಯಂತ ಬೇಕಾದ ಎರಡು ಹೊತ್ತಿನಲ್ಲೂ ಅದು ಉಪಯೋಗಕ್ಕಿಲ್ಲ. ಗಂಡ ಪ್ರಜ್ಞೆಯಿಲ್ಲದೆ ಐಸಿಯುನಲ್ಲಿ ಬಿದ್ದಿದ್ದಾನೆ, ಅವನ ಖಾತೆಯಲ್ಲಿ ದುಡ್ಡಿದೆ, ಹೆಂಡತಿ ಅದನ್ನು ಮುಟ್ಟಲಾರಳು. ಕೋಮಾದಲ್ಲಿರುವವನ ಪರವಾಗಿ ಪಾಲಕಳಾಗಬೇಕೆಂದರೆ ದಾರಿ ಹೈಕೋರ್ಟಿನವರೆಗೆ ಎಳೆಯುತ್ತದೆ. ನಮ್ಮ ಪಾಲಿಗೆ ಅದು ಛತ್ರಪತಿ ಸಂಭಾಜಿನಗರದ ಪೀಠ. ರೋಗ ತಿಳಿದ ವಾರವೇ ಖಾತೆಯನ್ನು ‘ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು’ ಎಂದು ಜಂಟಿ ಮಾಡಿಸಿದ್ದರೆ ಈ ಕಷ್ಟವೇ ಇರಲಿಲ್ಲ. ಅದಕ್ಕೆ ವಕೀಲರೂ ಬೇಡ.

‘ನಾಮಿನಿ ಹಾಕೀವಿ’ ಎಂಬುದು ಇನ್ನೊಂದು ಭ್ರಮೆ. ನಾಮಿನಿ ಸಾಮಾನ್ಯವಾಗಿ ಹಣ ಇಸಿದುಕೊಳ್ಳುವವನು, ಒಡೆಯನಲ್ಲ. ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟು ಇದನ್ನು 1983ರಲ್ಲೇ ಹೇಳಿತು. ನಮ್ಮ ಅಡುಗೆಮನೆಗಳ ಗೋಡೆಗೆ ತೂಗುವ ‘ಕಾಲನಿರ್ಣಯ’ದ ಸಂಸ್ಥಾಪಕ ಜಯಂತ ಸಾಳಗಾಂವ್‌ಕರ್ ಅವರು ತೀರಿಕೊಂಡ ಮೇಲೆ ಅವರ ಆಸ್ತಿಯ ವ್ಯಾಜ್ಯವೂ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರ ಡಿಸೆಂಬರ್ 14ರ ತೀರ್ಪಿನಲ್ಲಿ ಷೇರುಗಳಿಗೂ ಅದೇ ಮಾತು ಖಾಯಂ ಆಯಿತು. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ವರು ನಾಮಿನಿಗಳನ್ನು ಹಾಕಬಹುದು. ಹಾಕಲೇಬೇಕು, ಹಣ ಬೇಗ ಕೈಗೆ ಬರುತ್ತದೆ. ಆದರೆ ಅಷ್ಟರಿಂದ ಹಂಚಿಕೆಯ ಪ್ರಶ್ನೆ ಮುಗಿಯುವುದಿಲ್ಲ.

ಈಗ ಕೇಳಬೇಕಾದ ಪ್ರಶ್ನೆ: ಈ ಮೌನದಿಂದ ಲಾಭ ಯಾರಿಗೆ?

ಮೊದಲು ಸಾವಕಾರನಿಗೆ. ಕಿಮೋಥೆರಪಿಯ ನಡುವೆ ದುಡ್ಡು ತುರ್ತಾದಾಗ ಅವನು ಸಾಲದ ಚೀಟಿ ಬರೆಸುವುದಿಲ್ಲ, ಖರೇದಿಖತವನ್ನೇ ಬರೆಸಿಕೊಳ್ಳುತ್ತಾನೆ. ‘ದುಡ್ಡು ಕೊಟ್ಟ ದಿನ ಹೊಲ ತಿರುಗಿ ಮಾಡಿಕೊಡ್ತೀನಿ ಕಾಕಾ’ ಎನ್ನುತ್ತಾನೆ. ಕಾಕಾ ಸತ್ತ ಮೇಲೆ ಆ ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಹೀಗೆ ಅಕ್ರಮವಾಗಿ ಹೋದ ಹೊಲವನ್ನು ತಿರುಗಿ ಕೊಡಿಸುವ ಅಧಿಕಾರ 2014ರ ಮಹಾರಾಷ್ಟ್ರ ಸಾವಕಾರಿ ಕಾಯ್ದೆಯಡಿ ಜಿಲ್ಲಾ ನಿಬಂಧಕರಿಗಿದೆ. ಆದರೆ ವ್ಯವಹಾರದ ನಿಜ ಹೇಳಬಲ್ಲವನು ಬದುಕಿದ್ದಾಗ ಅದನ್ನು ಬರೆಸಿಟ್ಟವರೆಷ್ಟು ಜನ? ತಂದೆಯ ಸಾಲಕ್ಕೆ ವಾರಸದಾರರು ಹೊಣೆಯಾಗುವುದು ಅವನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ, ತಮ್ಮ ಸ್ವಂತ ದುಡಿಮೆಯಿಂದಲ್ಲ ಎಂದು ವಿಧವೆಗೆ ಹೇಳಿದವರೆಷ್ಟು ಜನ?

ಆಮೇಲೆ ಮನೆಯೊಳಗಿನ ಬಲಿಷ್ಠರಿಗೆ. ದಿನಕರ್ಮ ಮುಗಿದ ಮರುದಿನವೇ ಹಕ್ಕು ಬಿಟ್ಟುಕೊಡುವ ಹಕ್ಕಸೋಡ ಪತ್ರ ಸಿದ್ಧವಾಗಿರುತ್ತದೆ. ‘ತಂಗೆವ್ವ, ತವರುಮನಿ ಬಾಗಲ ತೆರೆದಿರಬೇಕಂದ್ರ ಇಲ್ಲೊಂದು ಸಹಿ ಮಾಡು.’ ‘ವೈನಿ, ಹುಡುಗರು ಸಣ್ಣವರದಾರ, ನಾವೇ ನೋಡ್ಕೋತೀವಿ, ನೀವು ಕಚೇರಿಗೆ ಯಾಕ ಅಲೀತೀರಿ?’ ಅಳು ಇನ್ನೂ ಆರಿರದ ಕಣ್ಣಿನಿಂದ ಅವರು ಸಹಿ ಹಾಕುತ್ತಾರೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟು ಮಹಾರಾಷ್ಟ್ರ 1994ರಲ್ಲಿ, ಇಡೀ ದೇಶ 2005ರಲ್ಲಿ ಕಾಯ್ದೆ ತಿದ್ದಿದವು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸಾರಿತು. ದೆಹಲಿಯಿಂದ ಬಂದ ಹಕ್ಕು ದುಃಖದ ಮನೆಯ ಕಂಬಳಿಯ ಮೇಲೆ ಒಂದು ಹೆಬ್ಬೆಟ್ಟಿನಲ್ಲಿ ಹೋಗಿಬಿಡುತ್ತದೆ.

‘ಅಪಶಕುನ’ ಎಂದು ಬದುಕಿದ್ದವನ ಬಾಯಿ ಮುಚ್ಚಿಸಿದವರೇ ಹದಿಮೂರನೆಯ ದಿನಕ್ಕೆ ಮುದ್ರಾಂಕದ ಕಾಗದ ಹಿಡಿದು ಬರುವುದನ್ನು ನಾವು ನೋಡಿಲ್ಲವೇ? ಸಾವಿನ ಮುಂಚಿನ ಕಾಗದ ಅಶುಭವಾದರೆ ಸಾವಿನ ಮರುವಾರದ ಕಾಗದ ಶುಭ ಹೇಗಾಯಿತು?

ಕೊನೆಗೆ ಏನಾದರೂ ಬರೆಸುವುದುಂಟು, ಆದರೆ ಯಾವಾಗ? ಕಣ್ಣು ತೇಲುಗಣ್ಣಾದಾಗ, ಮಾತು ನಿಂತಾಗ, ಒಬ್ಬ ಮಗ ಉಳಿದವರಿಗೆ ತಿಳಿಯದಂತೆ ಹೆಬ್ಬೆಟ್ಟು ಒತ್ತಿಸಿಕೊಂಡಾಗ. ಹದ ತಪ್ಪಿದ ಮೇಲೆ ಬಿತ್ತಿದ ತೊಗರಿಯಂತೆ ಅದರಿಂದ ಫಲವಿಲ್ಲ. ಮೃತ್ಯುಪತ್ರಗಳ ವಿಷಯದಲ್ಲಿ ಇಂದಿಗೂ ದೇಶದ ನ್ಯಾಯಾಲಯಗಳೆಲ್ಲ ಆಧರಿಸುವ ತೀರ್ಪು ಮೈಸೂರು ಸೀಮೆಯ ವ್ಯಾಜ್ಯದ್ದು: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ, 1958. ಹೆಚ್ಚು ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ, ಬರೆಸಿದವರ ಬುದ್ಧಿ ಸ್ಥಿಮಿತದ ಬಗ್ಗೆ ಅನುಮಾನವಿದ್ದರೆ, ಆ ಶಂಕೆಯನ್ನೆಲ್ಲ ತೊಳೆಯುವ ಹೊಣೆ ಮೃತ್ಯುಪತ್ರ ಮುಂದಿಟ್ಟವನದೇ ಎಂದು ಸುಪ್ರೀಂ ಕೋರ್ಟು ಅಲ್ಲಿ ಹೇಳಿತು. ಕೊನೆಯ ಗಳಿಗೆಯ ಗುಟ್ಟಿನ ಹೆಬ್ಬೆಟ್ಟು ಮನೆಯನ್ನು ಉಳಿಸುವುದಿಲ್ಲ, ಎರಡು ತಲೆಮಾರಿಗೆ ವ್ಯಾಜ್ಯ ಬಿತ್ತುತ್ತದೆ. ಹಾಗೆಯೇ ‘ಹೆಂಡತಿ ಇದ್ದಷ್ಟು ದಿನ ಉಣ್ಣಲಿ, ಆಮೇಲೆ ಗಂಡುಮಕ್ಕಳಿಗೆ’ ಎಂದು ಬರೆಯುವ ಬರಹಗಾರರ ರೂಢಿಯ ಬಗ್ಗೆಯೂ ಎಚ್ಚರವಿರಲಿ. ಆ ಒಂದು ಸಾಲಿನಿಂದ ಅವಳು ಒಡತಿಯಾಗದೆ ಕೇವಲ ಅನುಭೋಗಿಯಾಗಿ ಉಳಿಯಬಹುದು.

ಗಡಿಯಲ್ಲಿರುವ ನಮಗೆ ಈ ಮೌನ ಇಮ್ಮಡಿ ದುಬಾರಿ. 1956ರವರೆಗೆ ಉದಗೀರ, ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗೆರೆ ಬಿತ್ತು, ಸಂಬಂಧಗಳು ಮಾತ್ರ ಗೆರೆ ದಾಟಿಯೇ ಉಳಿದವು. ಒಂದೇ ಮನೆಯ ಹೊಲ ಇತ್ತ ನಿಲಂಗಾದ ಸಾತ್‌ಬಾರಾದಲ್ಲಿ ಮರಾಠಿಯಲ್ಲಿದ್ದರೆ ಅತ್ತ ಭಾಲ್ಕಿಯ ಪಹಣಿಯಲ್ಲಿ ಕನ್ನಡದಲ್ಲಿರುತ್ತದೆ. ಆಧಾರದಲ್ಲಿ ಇಂಗ್ಲಿಷಿನ ಕಾಗುಣಿತ ಬೇರೆ. ಬಸಪ್ಪ ಒಂದು ಕಡೆ ಬಸಣ್ಣ, ಇನ್ನೊಂದು ಕಡೆ ಬಸವಣಪ್ಪ. ಸಾವು ಹೈದರಾಬಾದಿನ ಆಸ್ಪತ್ರೆಯಲ್ಲಾದರೆ ಮರಣ ದಾಖಲೆ ಅಲ್ಲಿಯದೇ, ಏಕೆಂದರೆ ಸಾವು ಆದ ಸ್ಥಳದಲ್ಲೇ ನೋಂದಣಿಯಾಗಬೇಕು. ಮೂರು ರಾಜ್ಯ, ಮೂರು ಲಿಪಿ, ಮೂರು ಹೆಸರು. ಈ ಮೂವರೂ ಒಬ್ಬನೇ ಎಂದು ಬದುಕಿದ್ದಾಗ ಅವನೇ ಒಂದು ಪ್ರತಿಜ್ಞಾಪತ್ರದಲ್ಲಿ ಹೇಳಬಹುದಿತ್ತು. ಸತ್ತ ಮೇಲೆ ಅದನ್ನು ಸಾಬೀತು ಮಾಡುವ ಹೊರೆ, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡದ, ಕಚೇರಿಯ ಮರಾಠಿ ಕಾಗದ ಓದಲು ಬಾರದ ಹೆಂಗಸಿನ ತಲೆಯ ಮೇಲೆ.

ಇದು ಒಂದೆರಡು ಮನೆಗಳ ಗೋಳೆಂದು ತಿಳಿಯಬೇಡಿ. ಸತ್ತವರ ಹೆಸರುಗಳೇ ಉತಾರಗಳಲ್ಲಿ ಉಳಿದಿವೆಯೆಂದು 2025ರಲ್ಲಿ ಮಹಾರಾಷ್ಟ್ರ ಸರ್ಕಾರ ‘ಜಿವಂತ ಸಾತ್‌ಬಾರಾ’ ಅಭಿಯಾನವನ್ನೇ ನಡೆಸಬೇಕಾಯಿತು. ವಾರಸ ನೋಂದ ಆಗದ ಹೊಲಕ್ಕೆ ಪೀಕಕರ್ಜ ಸಿಗುವುದು ಕಷ್ಟ, ಪೀಕವಿಮೆ ಕಷ್ಟ. ಹೆಂಡತಿಯ ಹೆಸರನ್ನು ಸಾತ್‌ಬಾರಾದಲ್ಲಿ ಸೇರಿಸಬೇಕೆಂದು ಶೇತಕರಿ ಸಂಘಟನೆಯ ಶರದ್ ಜೋಶಿ ‘ಲಕ್ಷ್ಮೀ ಮುಕ್ತಿ’ ಅಭಿಯಾನ ನಡೆಸಿದರು. 1992ರಲ್ಲಿ ಸರ್ಕಾರವೂ ಅದನ್ನು ಒಪ್ಪಿಕೊಂಡಿತು. ಗಂಡ ಬಾಯಿಬಿಟ್ಟು ಅರ್ಜಿ ಕೊಟ್ಟರೆ ಆಗುವ ಕೆಲಸ. ಮೂರು ದಶಕ ಕಳೆದರೂ ನಮ್ಮ ಊರುಗಳ ಎಷ್ಟು ಉತಾರಗಳಲ್ಲಿ ಹೆಂಡತಿಯ ಹೆಸರಿದೆ? ನಿಮ್ಮದನ್ನೇ ತೆಗೆದು ನೋಡಿ.

ಆಸ್ತಿಯ ಮಾತಷ್ಟೇ ಅಲ್ಲ. ಕೊನೆಯ ದಿನಗಳಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದೂ ಇದೇ ಮೌನಕ್ಕೆ ಬಲಿಯಾಗುತ್ತಿದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ 1973ರ ಹಲ್ಲೆಯ ನಂತರ ಪ್ರಜ್ಞೆಯಿಲ್ಲದೆ ಸುಮಾರು 42 ವರ್ಷ ಬಿದ್ದಿದ್ದರು. 2011ರಲ್ಲಿ ಅವರ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಈ ಪ್ರಶ್ನೆಯ ಬಾಗಿಲು ತೆರೆಯಿತು. 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವುದೂ ಮೂಲಭೂತ ಹಕ್ಕೆಂದು ಒಪ್ಪಿ ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ವಿಧಾನ ಹಗುರಾಯಿತು: ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಕರ್ನಾಟಕ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿತು. ‘ನನಗೆ ಗುಣವಾಗದೆಂದಾದರೆ ಯಂತ್ರ ಹಚ್ಚಬೇಡಿ, ನೋವು ಕಡಿಮೆ ಮಾಡಿ, ಮನೆಯಲ್ಲೇ ಇರಲು ಬಿಡಿ’ ಎಂದು ರೋಗಿ ಬರೆದಿಡದಿದ್ದರೆ ಏನಾಗುತ್ತದೆ? ‘ವೆಂಟಿಲೇಟರ್ ಬೇಡ’ ಎಂದ ಮಗ ಊರಿನ ಬಾಯಲ್ಲಿ ತಂದೆಯನ್ನು ಕೊಂದವನಾಗುತ್ತಾನೆ. ಆ ಅಪವಾದಕ್ಕೆ ಹೆದರಿ ಉಳಿದೊಂದು ಎಕರೆಯನ್ನೂ ಮಾರುತ್ತಾನೆ. ತಂದೆ ಬದುಕುವುದಿಲ್ಲ, ಹೊಲವೂ ಉಳಿಯುವುದಿಲ್ಲ. ಇದನ್ನು ಮಮತೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಸರ್ಕಾರ, ನ್ಯಾಯಾಂಗ ಮತ್ತು ವಕೀಲರ ಮೇಲಿನ ಆರೋಪ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ‘ಕಾನೂನು ಸೇವೆ’ ಎಂದರೆ ಕೋರ್ಟಿನ ಖಟ್ಲೆಯಷ್ಟೇ ಎನ್ನುವುದಿಲ್ಲ. ಯಾವುದೇ ಕಾನೂನು ವಿಷಯದಲ್ಲಿ ಸಲಹೆ ಕೊಡುವುದೂ ಅದರಲ್ಲಿ ಸೇರಿದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಇದು ಉಚಿತ. ಉಳಿದವರಿಗೆ ಮಹಾರಾಷ್ಟ್ರದಲ್ಲಿ ವಾರ್ಷಿಕ ಮೂರು ಲಕ್ಷ ರೂಪಾಯಿ ಆದಾಯದ ಮಿತಿ. ಭೂಕಂಪಕ್ಕೆ ಸಿಕ್ಕವರನ್ನು ಕಾಯ್ದೆ ಹೆಸರಿಟ್ಟು ಸೇರಿಸಿದೆ. ಉಮರ್ಗಾ, ನಿಲಂಗಾ, ಉದಗೀರ ಮೂರೂ ಕಡೆ ಕೋರ್ಟುಗಳಿವೆ, ತಾಲೂಕು ಕಾನೂನು ಸೇವಾ ಸಮಿತಿಗಳಿವೆ. ಹಾಗಾದರೆ ಸಾಯುತ್ತಿರುವ ರೈತನ ಹಾಸಿಗೆಯ ಬಳಿ ಉಚಿತ ವಕೀಲ ಏಕೆ ಕಾಣುವುದಿಲ್ಲ? ಜಗಳ ಹುಟ್ಟಿ, ಖಟ್ಲೆ ದಾಖಲಾಗಿ, ವಿಧವೆ ಪ್ರತಿವಾದಿಯಾಗಿ ನಿಂತ ಮೇಲೆ ನೆರವಿಗೆ ಬರುವ ವ್ಯವಸ್ಥೆ, ಜಗಳವೇ ಹುಟ್ಟದಂತೆ ಒಂದು ಗಂಟೆ ಕೂತು ಕಾಗದ ಬರೆಸಲು ಏಕೆ ಬರುವುದಿಲ್ಲ? ಸರ್ಕಾರ ಚಿಕಿತ್ಸೆಯ ಬಿಲ್ಲಿಗೆ ಮಹಾತ್ಮಾ ಜೋತಿರಾವ್ ಫುಲೆ ಯೋಜನೆ ತಂದಿದೆ. ಚಿಕಿತ್ಸೆ ಸೋತ ಮೇಲೆ ಉಳಿಯುವ ಮನೆಗೆ ಅದೇ ಆಸ್ಪತ್ರೆಯಲ್ಲಿ ಒಂದು ಕುರ್ಚಿಯನ್ನಾದರೂ ಹಾಕಿ ಸಲಹೆಗಾರರನ್ನು ಕೂರಿಸಬೇಡವೇ?

ಇರುವ ನೆರವೂ ಇದೇ ಮೌನದಿಂದ ಕೈತಪ್ಪುತ್ತದೆ. ಸಂಜಯ ಗಾಂಧಿ ನಿರಾಧಾರ ಯೋಜನೆಯಲ್ಲಿ ಕ್ಯಾನ್ಸರಿನಂಥ ಕಾಯಿಲೆಯ ನಿರ್ಗತಿಕರಿಗೆ ತಿಂಗಳಿಗೆ 1,500 ರೂಪಾಯಿ ಇದೆ. ಬಡತನ ರೇಖೆಗಿಂತ ಕೆಳಗಿನ ಮನೆಯ ದುಡಿಯುವ ವ್ಯಕ್ತಿ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವಿನಲ್ಲಿ 20,000 ರೂಪಾಯಿ ಇದೆ. ಬ್ಯಾಂಕು ವರ್ಷಕ್ಕೆ 436 ರೂಪಾಯಿ ಕಡಿದುಕೊಳ್ಳುವ ಜೀವನಜ್ಯೋತಿ ವಿಮೆಯಲ್ಲಿ ಎರಡು ಲಕ್ಷ ಇದೆ. ಆ 436 ಏತಕ್ಕೆ ಕಡಿತವಾಗುತ್ತಿತ್ತೆಂದು ಗಂಡ ಹೇಳಿರುವುದಿಲ್ಲ, ಹೆಂಡತಿ ಕೇಳಿರುವುದಿಲ್ಲ. ಆ ಎರಡು ಲಕ್ಷ ಯಾರೂ ಕೇಳದೆ ಹಾಗೆಯೇ ಉಳಿಯುತ್ತದೆ.

ಆಗಬೇಕಾದ್ದು ಸ್ಪಷ್ಟವಿದೆ. ಲಾತೂರ ಮತ್ತು ಧಾರಾಶಿವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ವಾರಕ್ಕೊಂದು ದಿನ ತಾಲೂಕು ಸರ್ಕಾರಿ ಆಸ್ಪತ್ರೆಗಳಲ್ಲಿ ವಕೀಲರನ್ನು ಕೂರಿಸಲಿ, ಏಳಲಾಗದವರ ಮನೆಗೆ ಕಳಿಸಲಿ. ಅವರ ಜೊತೆ ಕನ್ನಡ ಬಲ್ಲ ಅರೆಕಾನೂನು ಸ್ವಯಂಸೇವಕರಿರಲಿ. ಮೃತ್ಯುಪತ್ರ, ಇಚ್ಛಾಪತ್ರ, ವಾರಸ ಅರ್ಜಿಗಳ ಮಾದರಿಗಳು ಮರಾಠಿಯ ಜೊತೆ ಕನ್ನಡ, ಉರ್ದುವಿನಲ್ಲೂ ಸಿಗಲಿ. ಮನೆಗೆ ಬಂದು ನೋಂದಣಿ ಮಾಡುವ ಸೌಲಭ್ಯ ಮತ್ತು ಅದರ ಶುಲ್ಕವನ್ನು ಉಪನೋಂದಣಾಧಿಕಾರಿಗಳು ಹೊರಗೆ ಬರೆದು ಹಾಕಲಿ. ಮೂರೂ ತಾಲೂಕುಗಳ ವಕೀಲರ ಸಂಘಗಳು ಸಾಧಾರಣ ಮೃತ್ಯುಪತ್ರಕ್ಕೆ ಒಂದು ಕಡಿಮೆ ದರ ಗೊತ್ತುಮಾಡಿ ಸಾರಲಿ. ‘ಇನ್ನು ಚಿಕಿತ್ಸೆಯಿಲ್ಲ’ ಎನ್ನುವ ಡಾಕ್ಟರು ‘ಮನೆಯ ಕಾಗದಪತ್ರ ನೋಡಿಕೊಳ್ಳಿ’ ಎಂಬ ಮಾತನ್ನೂ ಸೇರಿಸಿ ಹೇಳಲಿ, ರೋಗಿಯ ಎದುರೇ ಹೇಳಲಿ. ಬಚತ್ ಗಟದ, ಎಂದರೆ ಸ್ವಸಹಾಯ ಸಂಘದ, ಅಕ್ಕಂದಿರು ಮುಂದಿನ ಸಭೆಗೆ ತಂತಮ್ಮ ಮನೆಯ ಉತಾರ ತರಲಿ.

ಮಠಗಳಿಗೂ ಮಸೀದಿಗಳಿಗೂ ಒಂದು ಮಾತಿದೆ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅಂದಿನ ತುರ್ತು ಅಕ್ಷರವಾಗಿತ್ತು, ಅವರು ಅಪಾಯ ಕಟ್ಟಿಕೊಂಡು ಅದನ್ನು ಕೊಟ್ಟರು. ಇಂದಿನ ತುರ್ತು ಈ ಕಾಗದ. ಅಂತ್ಯಕ್ರಿಯೆಗೆ ಬರುವ ಸ್ವಾಮಿಗಳು, ಜನಾಜಾ ನಮಾಜಿಗೆ ಬರುವ ಮೌಲವಿಗಳು ಕಾಯಿಲೆಯ ಮನೆಗೆ ಮುಂಚೆಯೇ ಹೋಗಿ ‘ಬರೆದಿಡುವುದು ಪಾಪವಲ್ಲ, ಬರೆಯದೆ ಹೋಗುವುದು ಹೊಣೆಗೇಡಿತನ’ ಎಂದು ಹೇಳಲಿ. ಜನ ಅವರ ಮಾತು ಕೇಳುತ್ತಾರೆ.

ಓದುಗರೇ, ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಈ ವಾರವೇ ಅವರ ಪಕ್ಕ ಕೂತು ಕೇಳಿ: ಯಾರಿಗೆ ಎಷ್ಟು ಸಾಲವಿದೆ, ಯಾರಿಂದ ಬರಬೇಕು, ಯಾವ ಖಾತೆ, ಯಾವ ವಿಮೆ, ಹೊಲ ಯಾರಿಗೆ, ಮಕ್ಕಳನ್ನು ಯಾರು ಸಾಕಬೇಕು, ಕೊನೆಗೆ ಆಸ್ಪತ್ರೆಯೋ ಮನೆಯೋ. ಹೇಳಿದ್ದನ್ನು ಬರೆದು, ಇಬ್ಬರು ಹೊರಗಿನವರ ಎದುರು ಸಹಿ ಮಾಡಿಸಿ. ದಾರಿ ತಿಳಿಯದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅದಕ್ಕೆ ಒಂದು ಪೈಸೆಯೂ ಇಲ್ಲ. ಮಾತಾಡಿದ್ದರಿಂದ ಯಾರೂ ಸತ್ತಿಲ್ಲ. ಮಾತಾಡದೆ ಹೋದವರ ಹೆಂಡತಿ ಮಕ್ಕಳು ತಲಾಠಿ ಕಚೇರಿಯ ಮುಂದೆ ಇಂದೂ ನಿಂತಿದ್ದಾರೆ.